ನವೆಂಬರ್ 1

ನವೆಂಬರ್ 1 ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ ವರ್ಷದ 305ನೆಯ ದಿನ, ಅಧಿಕ ವರ್ಷವಾದರೆ 306ನೆಯದು. ವರ್ಷ ಮುಗಿಯಲು ಇನ್ನು 60 ದಿನ ಉಳಿದಿರುತ್ತವೆ. ಕನ್ನಡಿಗರಿಗೆ ಇದು ರಾಜ್ಯೋತ್ಸವ. ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶ, ಹರಿಯಾಣ, ಛತ್ತೀಸಗಡಗಳೂ ಇದೇ ದಿನ ಹುಟ್ಟಿದವು. ಕ್ಯಾಥೊಲಿಕ್ ಜಗತ್ತಿಗೆ ಇದು ಸಕಲ ಸಂತರ ಹಬ್ಬ, ಅಲ್ಜೀರಿಯಕ್ಕೆ ಕ್ರಾಂತಿಯ ದಿನ, ಕೆರಿಬಿಯನ್ ಸಮುದ್ರದ ಆಂಟಿಗುವ ಮತ್ತು ಬಾರ್ಬುಡಕ್ಕೆ 1981ರಲ್ಲಿ ಸ್ವಾತಂತ್ರ್ಯ ಬಂದ ದಿನ. ಒಂದೇ ತಾರೀಖಿನಡಿ ಇಷ್ಟು ಸಂಗತಿಗಳು ಸೇರಿರುವುದನ್ನು ಕಾಕತಾಳೀಯವೆಂದು ಬಿಟ್ಟುಬಿಡಬಹುದು. ಆದರೆ ಒಂದೊಂದನ್ನೇ ಬಿಡಿಸಿ ನೋಡಿದಾಗ ಅವುಗಳಲ್ಲಿ ಹಲವಕ್ಕೆ ಕಾರಣವಿರುವುದು ಕಾಣುತ್ತದೆ. ಹಬ್ಬವಾಗಿದ್ದುದಕ್ಕೇ ಈ ದಿನವನ್ನು ಆರಿಸಿಕೊಂಡವರಿದ್ದಾರೆ. ತಿಂಗಳ ಮೊದಲ ದಿನ ಆಡಳಿತಕ್ಕೆ ಒಗ್ಗುತ್ತದೆಂದು ಆರಿಸಿಕೊಂಡ ಸರ್ಕಾರಗಳಿವೆ. ಹಿಂದೆ ಆದದ್ದರ ನೆನಪಿಗೆ ಹೊಸದನ್ನು ಜೋಡಿಸಿದ್ದೂ ಉಂಟು.

ಈ ದಿನದ ಆಚರಣೆಗಳಲ್ಲಿ ಬಹಳ ಹಳೆಯದು ಸಕಲ ಸಂತರ ಹಬ್ಬ. ಅದು ಮೊದಲಿನಿಂದ ನವೆಂಬರಿನ ಹಬ್ಬವಾಗಿರಲಿಲ್ಲ. ಏಳನೆಯ ಶತಮಾನದ ಆರಂಭದಲ್ಲಿ ಪೋಪ್ ನಾಲ್ಕನೆಯ ಬೊನಿಫೇಸ್ ರೋಮಿನ ಪ್ಯಾಂಥಿಯನ್ ದೇಗುಲವನ್ನು ಮೇರಿಮಾತೆಗೂ ಹುತಾತ್ಮರಿಗೂ ಅರ್ಪಿಸಿ ಚರ್ಚಾಗಿ ಮಾರ್ಪಡಿಸಿದ್ದು ಮೇ 13ರಂದು. ಹುತಾತ್ಮರ ಸ್ಮರಣೆ ರೋಮಿನಲ್ಲಿ ಆಗ ಮೇ ತಿಂಗಳಲ್ಲೇ ನಡೆಯುತ್ತಿತ್ತು. ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗರಿ ಸಂತ ಪೀಟರರ ಬಸಿಲಿಕದೊಳಗೆ ಸಕಲ ಸಂತರಿಗಾಗಿ ಪ್ರಾರ್ಥನಾಲಯವೊಂದನ್ನು ಕಟ್ಟಿಸಿದ. 835ರ ಸುಮಾರಿಗೆ, ನಾಲ್ಕನೆಯ ಗ್ರೆಗರಿಯ ಕಾಲದಲ್ಲಿ, ಫ್ರಾಂಕರ ಸಾಮ್ರಾಜ್ಯದುದ್ದಕ್ಕೂ ನವೆಂಬರ್ 1 ಹಬ್ಬದ ದಿನವಾಗಿ ನೆಲೆನಿಂತಿತು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗೇಲಿಕ್ ಜನ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಇದೇ ದಿನಗಳಲ್ಲಿ ಸೌಇನ್ ಹಬ್ಬ ಮಾಡುತ್ತಿದ್ದರು. ಆ ಹಬ್ಬವನ್ನು ಮರೆಮಾಡಲೆಂದೇ ಚರ್ಚು ತನ್ನ ಹಬ್ಬವನ್ನು ಇಲ್ಲಿಗೆ ತಂದಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅದನ್ನು ಒಪ್ಪಲು ಆಧಾರ ಸಾಲದು. ಬದಲಾವಣೆ ಗಟ್ಟಿಯಾದದ್ದು ಗೇಲಿಕ್ ನಾಡಿನಲ್ಲಲ್ಲ, ಫ್ರಾಂಕರ ನೆಲದಲ್ಲಿ. ಹಬ್ಬದ ಹಿಂದಿನ ರಾತ್ರಿಯೇ ಇಂದು ಲೋಕವೆಲ್ಲ ಬಲ್ಲ ಹ್ಯಾಲೊವೀನ್. ಪೂರ್ವದ ಆರ್ಥಡಾಕ್ಸ್ ಚರ್ಚುಗಳು ಸಕಲ ಸಂತರನ್ನು ಈ ದಿನ ನೆನೆಯುವುದಿಲ್ಲ. ಅವರಲ್ಲಿ ಅದು ಪೆಂಟೆಕೋಸ್ಟ್ ಕಳೆದ ಮೊದಲ ಭಾನುವಾರ.

ಮರುದಿನ, ನವೆಂಬರ್ 2, ಸಕಲ ಆತ್ಮಗಳ ದಿನ. ಎರಡೂ ಬೆನ್ನಿಗೆ ಬೆನ್ನು ಬರುವುದರಿಂದ ಸಂತರ ಹಬ್ಬಕ್ಕೆ ಅಗಲಿದವರ ಸ್ಮರಣೆಯ ಬಣ್ಣವೂ ಬಂದಿದೆ. ಪೋಲೆಂಡಿನಲ್ಲಿ ಜನ ನವೆಂಬರ್ 1ರಂದೇ ಊರಿಗೆ ಮರಳಿ ಸಮಾಧಿಗಳ ಮೇಲೆ ದೀಪ ಹಚ್ಚುತ್ತಾರೆ. ಮೆಕ್ಸಿಕೊದಲ್ಲಿ ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಎರಡನೆಯ ದಿನ ದೊಡ್ಡವರಿಗೆ ಮೀಸಲು. ಚೆಂಡುಹೂ, ಅಡುಗೆ, ಅವರವರ ಇಷ್ಟದ ವಸ್ತುಗಳನ್ನಿಟ್ಟು ಮನೆಯಲ್ಲೇ ಎಡೆ ಸಜ್ಜುಗೊಳಿಸುತ್ತಾರೆ. ಯುನೆಸ್ಕೊ 2008ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ನಮ್ಮ ಮಹಾಲಯ ಅಮಾವಾಸ್ಯೆಯನ್ನು ಬಲ್ಲವರಿಗೆ ಈ ಎಡೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕರು ಸಮಾಧಿಗಳಿಗೆ ಹೂವು, ಮೇಣದ ಬತ್ತಿ ಒಯ್ಯುವುದು ಎರಡನೆಯ ದಿನ.

ಚರ್ಚಿಗೆ ಇದು ದೊಡ್ಡ ಹಬ್ಬವಾದದ್ದರಿಂದ ದೊಡ್ಡ ಕೆಲಸಗಳ ಉದ್ಘಾಟನೆಗೂ ಒದಗಿತು. ಮೈಕೆಲಾಂಜೆಲೊ 1508ರಿಂದ ನಾಲ್ಕು ವರ್ಷ ದುಡಿದು ಬಣ್ಣ ತುಂಬಿದ ಸಿಸ್ಟೀನ್ ಪ್ರಾರ್ಥನಾಲಯದ ಚಾವಣಿ ಜನರ ಕಣ್ಣಿಗೆ ತೆರೆದದ್ದು 1512ರ ಸಕಲ ಸಂತರ ಹಬ್ಬಕ್ಕೆ. ಇಂಗ್ಲೆಂಡಿನ ಅರಮನೆಯಲ್ಲಿ ಚಳಿಗಾಲದ ವಿನೋದಾವಳಿ ಆರಂಭವಾಗುತ್ತಿದ್ದುದೂ ಈ ಹಬ್ಬದೊಂದಿಗೇ. ಷೇಕ್ಸ್‌ಪಿಯರನ ‘ಒಥೆಲೊ’ 1604ರ ನವೆಂಬರ್ 1ರಂದು, ‘ದ ಟೆಂಪೆಸ್ಟ್’ 1611ರ ನವೆಂಬರ್ 1ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಪ್ರದರ್ಶನಗೊಂಡದ್ದಕ್ಕೆ ಅರಮನೆಯ ಲೆಕ್ಕಪತ್ರದಲ್ಲಿ ದಾಖಲೆಯಿದೆ. ಎರಡೂ ನಾಟಕಗಳ ಬಗ್ಗೆ ತಿಳಿದಿರುವ ಮೊದಲ ಪ್ರದರ್ಶನಗಳು ಇವೇ. ಏಳು ವರ್ಷದ ಅಂತರದಲ್ಲಿ ಒಂದೇ ತಾರೀಖು ಬಂದದ್ದರಲ್ಲಿ ಸೋಜಿಗವೇನೂ ಇಲ್ಲ. ರಾಜ ನಾಟಕ ನೋಡುವ ದಿನ ಅದಾಗಿತ್ತು. ಎರಡನೆಯದನ್ನು ಕುವೆಂಪು ‘ಬಿರುಗಾಳಿ’ಯಾಗಿ ಕನ್ನಡಕ್ಕೆ ಒಗ್ಗಿಸಿದರು.

ಈ ಹಳೆಯ ತಾರೀಖುಗಳನ್ನು ಓದುವಾಗ ಒಂದು ಎಚ್ಚರ ಬೇಕು. ಕ್ಯಾಥೊಲಿಕ್ ದೇಶಗಳು 1582ರ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಿ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದವು. ಇಂಗ್ಲೆಂಡ್ ಬಂದದ್ದು 1752ರಲ್ಲಿ. ಹಾಗಾಗಿ ‘ಒಥೆಲೊ’ ಲಂಡನ್ನಿನಲ್ಲಿ ನವೆಂಬರ್ 1ರಂದು ನಡೆದಾಗ ರೋಮಿನಲ್ಲಿ ನವೆಂಬರ್ 11 ಆಗಿತ್ತು. ಭೂಮಿಯ ಯಾವ ಭಾಗದಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೂ ತಾರೀಖು ಬದಲಾಗುತ್ತದೆ. ಅಮೆರಿಕ ತನ್ನ ಮೊದಲ ಪೂರ್ಣ ಪ್ರಮಾಣದ ಹೈಡ್ರೋಜನ್ ಬಾಂಬನ್ನು ಪೆಸಿಫಿಕ್ ಸಾಗರದ ಎನೆವೆಟಾಕ್ ಹವಳದ್ವೀಪದಲ್ಲಿ ಸಿಡಿಸಿದಾಗ ಅಲ್ಲಿ 1952ರ ನವೆಂಬರ್ 1ರ ಬೆಳಗು; ವಾಷಿಂಗ್ಟನ್ನಿನಲ್ಲಿ ಇನ್ನೂ ಅಕ್ಟೋಬರ್ 31. ಸುಮಾರು 10 ಮೆಗಾಟನ್ ಶಕ್ತಿಯ ಆ ಸ್ಫೋಟಕ್ಕೆ ಎಲುಗೆಲಾಬ್ ಎಂಬ ಪುಟ್ಟ ದ್ವೀಪ ಪೂರ್ತಿ ಅಳಿದು, ಅದಿದ್ದಲ್ಲಿ ಸಮುದ್ರದಡಿಯ ಕುಳಿಯಷ್ಟೇ ಉಳಿಯಿತು.

ಹಬ್ಬವೇ ಘಟನೆಯ ಸ್ವರೂಪವನ್ನು ನಿರ್ಧರಿಸಿದ ಉದಾಹರಣೆಗಳಲ್ಲಿ ಲಿಸ್ಬನ್ ನಗರದ 1755ರ ದುರಂತದಷ್ಟು ದಾರುಣವಾದದ್ದು ಇನ್ನೊಂದಿಲ್ಲ. ಅಂದು ಶನಿವಾರ. ಬೆಳಿಗ್ಗೆ ಸುಮಾರು 9-40ಕ್ಕೆ ಅಟ್ಲಾಂಟಿಕ್ ಸಾಗರದಡಿ ಭೂಮಿ ಕಂಪಿಸಿದಾಗ ನಗರದ ಜನ ಹಬ್ಬದ ಪೂಜೆಗೆಂದು ಚರ್ಚುಗಳಲ್ಲಿ ಕಿಕ್ಕಿರಿದಿದ್ದರು. ಕಲ್ಲಿನ ಕಮಾನುಗಳು ಅವರ ಮೇಲೆಯೇ ಉರುಳಿದವು. ಹಬ್ಬಕ್ಕೆ ಹಚ್ಚಿದ ಮೇಣದ ಬತ್ತಿಗಳೂ ಅಡುಗೆಮನೆಯ ಒಲೆಗಳೂ ಬಿದ್ದ ಮರಮುಟ್ಟಿಗೆ ಬೆಂಕಿ ತಗುಲಿಸಿದವು. ಬಯಲು ಹುಡುಕಿ ಟೇಗಸ್ ನದಿಯ ದಡಕ್ಕೆ ಓಡಿದವರು ನೀರು ಹಿಂದೆ ಸರಿಯುವುದನ್ನು ಕಂಡರು. ಮುಕ್ಕಾಲು ಗಂಟೆಯೊಳಗೆ ಸುನಾಮಿ ಅಲೆಗಳು ಮೇಲೇರಿ ಬಂದವು. ಬೆಂಕಿ ಹಲವು ದಿನ ಉರಿಯಿತು. ಅರಮನೆ, ಅದರ ಗ್ರಂಥಾಲಯ, ಅದೇ ವರ್ಷ ಬಾಗಿಲು ತೆರೆದಿದ್ದ ಒಪೆರಾ ಮಂದಿರ ಎಲ್ಲವೂ ಹೋದವು. ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲದಿದ್ದರೂ ಅದು ಹತ್ತಾರು ಸಾವಿರದಲ್ಲಿತ್ತು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ದೊರೆ ಮೊದಲನೆಯ ಜೋಸೆಫನ ಕುಟುಂಬ ಆ ಹೊತ್ತಿಗೆ ನಗರದಿಂದಾಚೆ ಬೆಲೆಂನಲ್ಲಿದ್ದುದರಿಂದ ಬದುಕಿತು. ಆ ಬಳಿಕ ದೊರೆಗೆ ಕಲ್ಲಿನ ಗೋಡೆಗಳೆಂದರೆ ಭಯ; ಡೇರೆ ಮತ್ತು ಮರದ ಮನೆಗಳಲ್ಲೇ ಅರಮನೆ ನಡೆಸಿದ.

ದೇವರ ಹಬ್ಬದ ದಿನ, ದೇವರ ಮನೆಯಲ್ಲೇ ಭಕ್ತರು ಸತ್ತದ್ದು ಯುರೋಪನ್ನು ಕಲಕಿತು. ಇದು ಪಾಪಕ್ಕೆ ಬಿದ್ದ ಶಿಕ್ಷೆ ಎಂದು ಜೆಸುಯಿಟ್ ಪಾದ್ರಿ ಮಲಗ್ರೀಡ ಸಾರಿದ. ಈ ಲೋಕ ಇರಬಹುದಾದ ಲೋಕಗಳಲ್ಲೆಲ್ಲ ಮೇಲಾದದ್ದೆಂಬ ಆಗಿನ ತತ್ತ್ವವಾದವನ್ನು ವೋಲ್ಟೇರ್ ಲಿಸ್ಬನ್ ಕುರಿತ ಪದ್ಯದಲ್ಲೂ 1759ರ ‘ಕಾಂಡಿಡ್’ ಕಾದಂಬರಿಯಲ್ಲೂ ಪ್ರಶ್ನಿಸಿದ. ತರುಣ ಇಮ್ಯಾನುಯೆಲ್ ಕಾಂಟ್ 1756ರಲ್ಲಿ ಮೂರು ಲೇಖನ ಬರೆದು ಭೂಕಂಪಕ್ಕೆ ಭೂಮಿಯೊಳಗೇ ಕಾರಣ ಹುಡುಕಿದ. ಆದರೆ ನನಗೆ ಇವರೆಲ್ಲರ ಬರಹಕ್ಕಿಂತ ಹಿರಿದಾಗಿ ಕಾಣುವುದು ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ಮಾಡಿದ ಕೆಲಸ. ಅವನು ಶವಗಳನ್ನು ಬೇಗ ವಿಲೇವಾರಿ ಮಾಡಿಸಿದ, ಧಾನ್ಯದ ಬೆಲೆ ಏರದಂತೆ ತಡೆದ. ಜೊತೆಗೆ ದೇಶದ ಎಲ್ಲ ಚರ್ಚ್ ವಲಯಗಳಿಗೂ ಪ್ರಶ್ನಾವಳಿ ಕಳಿಸಿದ: ಕಂಪನ ಎಷ್ಟು ಹೊತ್ತಿತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು. ಬಂದ ಉತ್ತರಗಳು ಇಂದಿಗೂ ಭೂಕಂಪಶಾಸ್ತ್ರಕ್ಕೆ ಆಕರ. ಗೋಡೆಯೊಳಗೆ ಮರದ ಪಂಜರ ಹೂಡಿ ಕಟ್ಟುವ ಹೊಸ ವಿಧಾನದಲ್ಲಿ ನಗರದ ನಡುಭಾಗ ಮತ್ತೆ ಎದ್ದಿತು. ಚಾವಣಿ ಕಳೆದುಕೊಂಡ ಕಾರ್ಮೊ ಮಠವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ. ಖಂಡಗಳು ಚಲಿಸುತ್ತವೆಂದು 1912ರಲ್ಲಿ ವಾದ ಮಂಡಿಸಿದ ಆಲ್ಫ್ರೆಡ್ ವೆಗೆನರ್ ಹುಟ್ಟಿದ್ದು 1880ರ ನವೆಂಬರ್ 1ರಂದು. ಇದು ಬರಿಯ ಆಕಸ್ಮಿಕವೇ.

ಅಲ್ಜೀರಿಯದ್ದು ಆಕಸ್ಮಿಕವಲ್ಲ. ರಾಷ್ಟ್ರೀಯ ವಿಮೋಚನಾ ರಂಗದ ಹೋರಾಟಗಾರರು ಫ್ರೆಂಚ್ ಆಳ್ವಿಕೆಯ ವಿರುದ್ಧ ದೇಶದ ಹಲವೆಡೆ ಒಂದೇ ಹೊತ್ತಿಗೆ ದಾಳಿ ಆರಂಭಿಸಲು 1954ರ ನವೆಂಬರ್ 1ರ ನಡುರಾತ್ರಿಯನ್ನು ಗೊತ್ತುಮಾಡಿಕೊಂಡರು. ವಸಾಹತುಗಾರರಿಗೆ ಅಂದು ಹಬ್ಬದ ರಜೆ. ಫ್ರೆಂಚರು ಅದನ್ನು ಕೆಂಪು ಸಂತರ ಹಬ್ಬ ಎಂದು ಕರೆದರು. ಯುದ್ಧ ಮುಗಿದು ಸ್ವಾತಂತ್ರ್ಯ ಬರಲು 1962ರ ಜುಲೈ ಆಗಬೇಕಾಯಿತು. ದಕ್ಷಿಣ ವಿಯೆಟ್ನಾಮಿನ ಕ್ಯಾಥೊಲಿಕ್ ಅಧ್ಯಕ್ಷ ನ್ಗೊ ದಿನ್ ಜಿಯೆಮ್ ವಿರುದ್ಧ ಸೇನಾಧಿಕಾರಿಗಳು ದಂಗೆ ಎದ್ದದ್ದು 1963ರ ನವೆಂಬರ್ 1ರ ಮಧ್ಯಾಹ್ನ. ಮರುದಿನ, ಸಕಲ ಆತ್ಮಗಳ ದಿನದಂದು, ಅವನನ್ನೂ ತಮ್ಮನನ್ನೂ ಕೊಂದರು.

ಹಬ್ಬಕ್ಕೆ ಸಂಬಂಧವಿಲ್ಲದೆ ಈ ದಿನಕ್ಕೆ ಬಂದವು ಬೇರೆ. ಟರ್ಕಿಯಲ್ಲಿ 1922ರ ನವೆಂಬರ್ 1ರಂದು ಸುಲ್ತಾನರ ಪದವಿ ರದ್ದಾಯಿತು. 1928ರಲ್ಲಿ ಸಂಸತ್ತಿನ ವಾರ್ಷಿಕ ಅಧಿವೇಶನ ತೆರೆದ ಅದೇ ದಿನ ಅರಬ್ಬಿ ಲಿಪಿಯ ಬದಲು ಲ್ಯಾಟಿನ್ ಲಿಪಿ ತರುವ ಕಾನೂನು ಪಾಸಾಯಿತು. ಯುರೋಪಿಯನ್ ಒಕ್ಕೂಟಕ್ಕೆ ಬುನಾದಿಯಾದ ಮಾಸ್ಟ್ರಿಕ್ಟ್ ಒಪ್ಪಂದ 1993ರ ನವೆಂಬರ್ 1ರಂದು ಜಾರಿಯಾದದ್ದಕ್ಕೆ ಒಪ್ಪಂದದಲ್ಲಿದ್ದ ನಿಯಮವೇ ಕಾರಣ: ಕೊನೆಯ ದೇಶ ಅನುಮೋದನಾ ಪತ್ರ ಸಲ್ಲಿಸಿದ ಮುಂದಿನ ತಿಂಗಳ ಒಂದನೆಯ ತಾರೀಖಿಗೆ ಅದು ಜಾರಿಗೆ ಬರಬೇಕಿತ್ತು. ನ್ಯಾಯಾಲಯದ ತೀರ್ಪಿಗೆ ಕಾದಿದ್ದ ಜರ್ಮನಿ ಅಕ್ಟೋಬರಿನಲ್ಲಿ ಪತ್ರ ಸಲ್ಲಿಸಿತು.

ಭಾರತದ ಇತಿಹಾಸದಲ್ಲಿ ಈ ದಿನ ಮೊದಲು ಎದ್ದು ಕಾಣುವುದು 1858ರಲ್ಲಿ. ಸಿಪಾಯಿ ದಂಗೆಯನ್ನು ಹತ್ತಿಕ್ಕುತ್ತಿದ್ದ ಹೊತ್ತಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಮುಗಿಯಿತೆಂದು, ಇನ್ನು ರಾಣಿ ವಿಕ್ಟೋರಿಯಳದ್ದೇ ನೇರ ಆಡಳಿತವೆಂದು ಸಾರುವ ಘೋಷಣೆಯನ್ನು ಲಾರ್ಡ್ ಕ್ಯಾನಿಂಗ್ ಅಲಹಾಬಾದಿನಲ್ಲಿ ಓದಿದ. ದೇಶೀ ಅರಸರೊಂದಿಗಿನ ಕರಾರುಗಳನ್ನು ಪಾಲಿಸುವುದಾಗಿ ಅದರಲ್ಲಿ ಭರವಸೆಯಿತ್ತು. 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರಿನ ಮಟ್ಟಿಗೆ ಇದು ಸಣ್ಣ ಮಾತಾಗಿರಲಿಲ್ಲ. ಆದರೂ ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಮುಂದೆ 1954ರ ಇದೇ ದಿನ ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಂಗಳ ಆಡಳಿತವನ್ನು ಫ್ರಾನ್ಸ್ ಭಾರತಕ್ಕೆ ಬಿಟ್ಟುಕೊಟ್ಟಿತು. ಅದಕ್ಕೆ ಎರಡು ವಾರ ಮುಂಚೆ ಕೀಳೂರಿನಲ್ಲಿ ಸೇರಿದ್ದ 178 ಪ್ರತಿನಿಧಿಗಳಲ್ಲಿ 170 ಮಂದಿ ವಿಲೀನದ ಪರ ಮತ ಹಾಕಿದ್ದರು. ಅಲ್ಜೀರಿಯದಲ್ಲಿ ಗುಂಡು ಹಾರಿದ ದಿನವೇ ಪಾಂಡಿಚೇರಿಯಲ್ಲಿ ಫ್ರೆಂಚ್ ಬಾವುಟ ಶಾಂತಿಯಿಂದ ಇಳಿಯಿತು. ಒಂದೇ ಸಾಮ್ರಾಜ್ಯದ ಎರಡು ಅಂಚುಗಳ ಈ ಅಂತರವನ್ನು ಚರಿತ್ರೆಯ ವಿದ್ಯಾರ್ಥಿಗಳು ಜೊತೆಗಿಟ್ಟು ಓದಬೇಕು.

1956 ಈ ದಿನವನ್ನು ಭಾರತದ ಮಟ್ಟಿಗೆ ಶಾಶ್ವತವಾಗಿ ಬದಲಿಸಿತು. ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರಿನಲ್ಲಿ ಉಪವಾಸದಿಂದ ಪ್ರಾಣ ಬಿಟ್ಟು, 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದ ಮೇಲೆ ಭಾಷಾವಾರು ಪ್ರಾಂತದ ಬೇಡಿಕೆಯನ್ನು ಮುಂದೂಡುವುದು ದೆಹಲಿಗೆ ಸಾಧ್ಯವಾಗಲಿಲ್ಲ. ಫಜಲ್ ಅಲಿ ಅಧ್ಯಕ್ಷರಾಗಿ, ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರಾಗಿ ರಾಜ್ಯ ಪುನರ್‌ವಿಂಗಡಣಾ ಆಯೋಗ ನೇಮಕವಾಯಿತು; 1955ರ ಸೆಪ್ಟೆಂಬರ್ 30ಕ್ಕೆ ವರದಿ ಕೊಟ್ಟಿತು. ಸಂಸತ್ತು ಅದನ್ನು ತಿದ್ದಿ ಮಾಡಿದ ಕಾಯಿದೆಯೂ ಸಂವಿಧಾನದ ಏಳನೆಯ ತಿದ್ದುಪಡಿಯೂ 1956ರ ನವೆಂಬರ್ 1ರಂದು ಒಟ್ಟಿಗೆ ಜಾರಿಯಾದವು. ‘ಎ’, ‘ಬಿ’, ‘ಸಿ’ ಎಂಬ ರಾಜ್ಯಗಳ ದರ್ಜೆ ಹೋಯಿತು, ರಾಜ್ಯಪಾಲರ ಸ್ಥಾನದಲ್ಲಿದ್ದ ರಾಜಪ್ರಮುಖರ ಹುದ್ದೆ ಹೋಯಿತು. 14 ರಾಜ್ಯಗಳು, 6 ಕೇಂದ್ರಾಡಳಿತ ಪ್ರದೇಶಗಳು ಉಳಿದವು. ಹೈದರಾಬಾದಿನ ತೆಲುಗು ಜಿಲ್ಲೆಗಳು ಸೇರಿ ಆಂಧ್ರಪ್ರದೇಶ, ತಿರುವಾಂಕೂರು-ಕೊಚ್ಚಿಗೆ ಮಲಬಾರು ಸೇರಿ ಕೇರಳ, ಭೋಪಾಲವನ್ನು ರಾಜಧಾನಿ ಮಾಡಿಕೊಂಡ ಮಧ್ಯಪ್ರದೇಶ ರೂಪ ತಳೆದವು. ಕನ್ಯಾಕುಮಾರಿ ಭಾಗದ ನಾಲ್ಕು ತಾಲ್ಲೂಕುಗಳು ಮದ್ರಾಸಿಗೆ ಹೋದವು. ಇನ್ನೊಂದು ಕಾಯಿದೆಯಂತೆ ಬಿಹಾರದ ಪುರುಲಿಯ ಭಾಗ ಪಶ್ಚಿಮ ಬಂಗಾಳಕ್ಕೆ ಸೇರಿದ್ದೂ ಅದೇ ದಿನ.

ಕನ್ನಡ ನಾಡು ಇವೆಲ್ಲಕ್ಕಿಂತ ಹೆಚ್ಚು ಹರಿದು ಹಂಚಿಹೋಗಿತ್ತು. ಮೈಸೂರು ಸಂಸ್ಥಾನ ಒಂದು ಕಡೆ, ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿ, ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸಿನಲ್ಲಿ, ಕಲಬುರಗಿ, ರಾಯಚೂರು, ಬೀದರ ನಿಜಾಮರ ಆಳ್ವಿಕೆಯಲ್ಲಿ, ಕೊಡಗು ಬೇರೆಯೇ, ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರುಗಳಂಥ ಸಣ್ಣ ಸಂಸ್ಥಾನಗಳು. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವೂ (1917) ಈ ಚೂರುಗಳಿಗೆ ತಾವು ಒಂದೆಂಬ ಅರಿವು ಕೊಟ್ಟವು. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ಸಿನ ಜೊತೆಯಲ್ಲೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನ ಸೇರಿತು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತಾಗ ಹುಬ್ಬಳ್ಳಿ ಸೀಮೆ ಎದ್ದು ನಿಂತಿತು. ಹಳೆ ಮೈಸೂರಿನ ಕೆಲವು ನಾಯಕರಿಗೆ ಉತ್ತರದ ಹಿಂದುಳಿದ ಜಿಲ್ಲೆಗಳು ಹೊರೆಯಾದಾವೆಂಬ ಹೆದರಿಕೆಯಿತ್ತು; ಅದನ್ನು ಲೆಕ್ಕಿಸದೆ ಏಕೀಕರಣದ ಪರ ನಿಂತ ಕೆಂಗಲ್ ಹನುಮಂತಯ್ಯನವರಿಗೆ ನಾಡು ಋಣಿಯಾಗಿರಬೇಕು.

ಬಳ್ಳಾರಿ 1953ರಲ್ಲೇ ಮೈಸೂರಿಗೆ ಬಂದಿತ್ತು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಿಟ್ಟು. ತುಂಗಭದ್ರಾ ಯೋಜನೆಯ ನೆಪದಲ್ಲಿ ಅದರ ದೊಡ್ಡ ಭಾಗವನ್ನು ಆಂಧ್ರಕ್ಕೆ ಕೊಡಲು ಆಯೋಗ ಶಿಫಾರಸು ಮಾಡಿತಾದರೂ ಸರ್ಕಾರ ಒಪ್ಪಲಿಲ್ಲ. ಹೊಸ ಮೈಸೂರು ರಾಜ್ಯ 19 ಜಿಲ್ಲೆಗಳೊಂದಿಗೆ ಉದಯವಾಯಿತು. ಕೊನೆಯ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ಮೊದಲ ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿ. ತನ್ನದೇ ಶಾಸನಸಭೆಯಿದ್ದ ಕೊಡಗು ಅಂದಿನಿಂದ ಒಂದು ಜಿಲ್ಲೆ. ಬೆಳಗಾವಿಯ ಚಂದಗಡ ತಾಲ್ಲೂಕು ಮುಂಬಯಿಗೆ ಉಳಿಯಿತು; ಬೀದರ, ಕಲಬುರಗಿ, ರಾಯಚೂರುಗಳ ಕೆಲವು ತಾಲ್ಲೂಕುಗಳು ಮುಂಬಯಿ, ಆಂಧ್ರಗಳಿಗೆ ಹಂಚಿಹೋದವು. ಕಾಸರಗೋಡು ತಾಲ್ಲೂಕು ಕೇರಳದ ಪಾಲಾಯಿತು. ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರವೂ ಅದರೊಂದಿಗೆ ಹೋಯಿತು.

ರಾಜ್ಯವೇನೋ ಒಂದಾಯಿತು, ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಉತ್ತರದವರಿಗೆ ಇದು ಹದಿನೇಳು ವರ್ಷ ಕೊರೆದ ನೋವು. ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಶಾಸನಸಭೆ 1972ರಲ್ಲಿ ನಿರ್ಣಯ ಮಾಡಿ, 1973ರ ನವೆಂಬರ್ 1ರಿಂದ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂತು. ಹಳೆಯ ದಿನದ ಮೇಲೆ ಹೊಸ ಸಂಭ್ರಮವನ್ನು ಬೇಕೆಂದೇ ಕೂರಿಸಿದ್ದಕ್ಕೆ ಇದು ಒಳ್ಳೆಯ ನಿದರ್ಶನ. 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರು ಒಂದಾದ ನಾಡನ್ನು ಕಂಡರು, ಅದಕ್ಕೆ ತಾವು ಬಯಸಿದ ಹೆಸರು ಬಂದದ್ದನ್ನು ಕಾಣಲಿಲ್ಲ. ಅದೇ ದಿನ ಲಕ್ಕದೀವ್, ಮಿನಿಕಾಯ್ ಮತ್ತು ಅಮೀನ್‌ದೀವಿ ದ್ವೀಪಗಳಿಗೆ ‘ಲಕ್ಷದ್ವೀಪ’ ಎಂಬ ಹೆಸರು ಬಂದದ್ದು ಕನ್ನಡಿಗರಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಇವುಗಳಲ್ಲಿ ಅಮೀನ್‌ದೀವಿ ಗುಂಪಿನ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು, ಮಂಗಳೂರಿನಿಂದಲೇ ಅವುಗಳ ಆಡಳಿತ. ಒಂದೇ ಜಿಲ್ಲೆಯ ಕರಾವಳಿಯೂ ಕಡಲನಡುವಿನ ತುಣುಕೂ 1956ರಲ್ಲಿ ಒಂದೇ ದಿನ ಬೇರೆಯಾದವು. ಹದಿನೇಳು ವರ್ಷ ಕಳೆದು ಅವು ಸೇರಿಕೊಂಡಿದ್ದ ಘಟಕಗಳು ಒಂದೇ ದಿನ ಹೊಸ ಹೆಸರು ಪಡೆದವು. ಚಿತ್ರನಟಿ ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದ್ದೂ ಆ ದಿನವೇ.

ರಾಜ್ಯ ಕಟ್ಟುವುದಕ್ಕೆ ನವೆಂಬರ್ 1 ಆಮೇಲೆ ರೂಢಿಯಾದಂತಾಯಿತು. 1966ರಲ್ಲಿ ಪಂಜಾಬು ಭಾಷೆಯ ಆಧಾರದಲ್ಲಿ ವಿಂಗಡವಾಗಿ ಹರಿಯಾಣ ಹುಟ್ಟಿದ್ದು, ಚಂಡೀಗಡ ಕೇಂದ್ರಾಡಳಿತಕ್ಕೆ ಬಂದದ್ದು ಈ ದಿನ. 2000ದಲ್ಲಿ ಮಧ್ಯಪ್ರದೇಶದಿಂದ ಛತ್ತೀಸಗಡ ಬೇರೆಯಾದದ್ದೂ ಈ ದಿನವೇ. ಇವೆರಡರ ನಡುವೆ 1984ರ ನವೆಂಬರ್ 1 ಇದೆ. ಇಂದಿರಾ ಗಾಂಧಿಯವರ ಹತ್ಯೆಯ ಮರುದಿನ ದೆಹಲಿಯಲ್ಲಿ ಸಿಖ್ಖರ ಕಗ್ಗೊಲೆ ಉಗ್ರರೂಪ ತಾಳಿತು. ದೆಹಲಿಯೊಂದರಲ್ಲೇ ಸತ್ತವರು 2,733 ಮಂದಿ ಎಂಬುದು ಸರ್ಕಾರದ ಲೆಕ್ಕ. ಪಂಜಾಬಿನ ರಾಜ್ಯ ದಿನವೇ ಸಿಖ್ಖರ ಶೋಕದ ದಿನವೂ ಆಗಿದೆ. ಈ ದಿನದ ಯಾವ ದಾಖಲೆಯಲ್ಲೂ ಇದನ್ನು ಬಿಡುವ ಹಾಗಿಲ್ಲ.

ಸಂಭ್ರಮಗಳೂ ಹುಟ್ಟಿದಲ್ಲೇ ನಿಲ್ಲುವುದಿಲ್ಲ. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಆಂಧ್ರ ಸರ್ಕಾರ ಕೆಲವು ವರ್ಷ ನವೆಂಬರ್ 1ನ್ನು ಕೈಬಿಟ್ಟು, 2019ರಲ್ಲಿ ಮತ್ತೆ ಹಿಡಿಯಿತು. ತಮಿಳುನಾಡು 2019ರಲ್ಲಿ ಇದನ್ನು ತನ್ನ ನಾಡದಿನವಾಗಿ ಘೋಷಿಸಿ, 2021ರಲ್ಲಿ ಜುಲೈ 18ಕ್ಕೆ ಬದಲಿಸಿತು. ಕರ್ನಾಟಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ, ಭುವನೇಶ್ವರಿಯ ಮೆರವಣಿಗೆ, 1966ರಿಂದ ಕೊಡುತ್ತಿರುವ ರಾಜ್ಯೋತ್ಸವ ಪ್ರಶಸ್ತಿ, ಇವುಗಳ ಸುತ್ತ ಹಬ್ಬ ಬೆಳೆದಿದೆ. ಊರೂರಿನ ಸಂಘಗಳು ತಿಂಗಳಿಡೀ ಆಚರಿಸುತ್ತವೆ. ಹೊರದೇಶದ ಕನ್ನಡ ಸಂಘಗಳು ವಾರಾಂತ್ಯ ನೋಡಿಕೊಂಡು ಮಾಡುತ್ತವೆ. 2023ರಲ್ಲಿ ನಾಮಕರಣದ ಐವತ್ತು ವರ್ಷಕ್ಕೆ ‘ಕರ್ನಾಟಕ ಸಂಭ್ರಮ 50’ ನಡೆಯಿತು. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಇದೇ ದಿನವನ್ನು ಕರಾಳ ದಿನವಾಗಿ ಆಚರಿಸುತ್ತ ಬಂದಿದೆ; ಗಡಿಯ ವ್ಯಾಜ್ಯವನ್ನು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿದೆ. ಗಡಿ ವಿವಾದಗಳ ಕುರಿತು ನೇಮಕವಾಗಿದ್ದ ಮಹಾಜನ ಆಯೋಗದ 1967ರ ವರದಿ ಬೆಳಗಾವಿ ನಗರವನ್ನು ಕರ್ನಾಟಕದಲ್ಲೇ ಉಳಿಸಿ, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಬದುಕಿನುದ್ದಕ್ಕೂ ಹೋರಾಡಿ 2015ರಲ್ಲಿ ತೀರಿಕೊಂಡರು; ವರದಿ ಜಾರಿಯಾಗಲಿಲ್ಲ. ಕಾಸರಗೋಡಿನಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ, ಕನ್ನಡ ಸಂಘಗಳಿವೆ. ಅಲ್ಲಿ ನವೆಂಬರ್ 1 ಸರ್ಕಾರಕ್ಕೆ ಕೇರಳದ ಹುಟ್ಟುದಿನವಾದ ಕೇರಳಪ್ಪಿರವಿ, ಸಂಘಗಳಿಗೆ ಕನ್ನಡ ರಾಜ್ಯೋತ್ಸವ.